ಕಾಣಲಿಲ್ಲ ಅಂದರೆ ಇಲ್ಲ ಅಂತಲೇ?

ಗುಜರಿಯಿಂದ ತಂದ ಇಂಜಿನ್ನನ್ನು ಚೈನ್ ಬ್ಲಾಕಿನಲ್ಲಿ ಇಳಿಸಿ, ಮೌಂಟಿಂಗ್ ಬಿಗಿದು, ಆಯಿಲ್ ತುಂಬಿಸಿ, ಪೈಪು ವೈರುಗಳನ್ನೆಲ್ಲ ಸಿಕ್ಕಿಸಿದ್ದಾಯಿತು. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ಪಟಕ್ಕೆ ಸೇವಂತಿಗೆ ಮಾಲೆ ಬಿತ್ತು, ಊದುಬತ್ತಿಯೂ ಹೊತ್ತಿತು. ಮೇಸ್ತ್ರಿ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ಇನ್ನೊಮ್ಮೆ ತಿರುಗಿಸಿದರೂ ಅದೇ ‘ಟಕ್’.

ಇಂಥ ದೃಶ್ಯಕ್ಕೆ ಊರಿನ ಹೆಸರು ಬೇಕಿಲ್ಲ. ಬೆಂಗಳೂರಿನ ಕಲಾಸಿಪಾಳ್ಯದ ಸಂದಿಯಲ್ಲೂ ನಡೆಯುತ್ತದೆ, ತಾಲ್ಲೂಕು ಕೇಂದ್ರದ ತಗಡಿನ ಶೆಡ್ಡಿನಲ್ಲೂ ನಡೆಯುತ್ತದೆ. “ಬ್ಯಾಟರಿ ವೀಕ್ ಇರ್ಬೇಕಣ್ಣ” ಎನ್ನುತ್ತಾನೆ ಹುಡುಗ. ಬ್ಯಾಟರಿ ಬದಲಾಗುತ್ತದೆ. “ಹಂಗಾದ್ರೆ ಸೆಲ್ಫ್ ಹೋಗಿರ್ಬೇಕು.” ಸೆಲ್ಫ್ ಬಿಚ್ಚಿ ನೆಲಕ್ಕಿಟ್ಟು ನೇರ ಕರೆಂಟ್ ಕೊಟ್ಟರೆ ಗಿರ್ರನೆ ತಿರುಗುತ್ತದೆ. ಇರುವುದೆಲ್ಲ ಸರಿಯಾಗಿಯೇ ಇದೆ. ಅಂದಮೇಲೆ ಇರಬೇಕಾದ ಯಾವುದೋ ಒಂದು ಇಲ್ಲ. ಇಲ್ಲದ್ದನ್ನು ಹುಡುಕುವುದು ಹೇಗೆ?

ಈ ಪ್ರಶ್ನೆಯ ಮೇಲೆ ನಮ್ಮ ದಾರ್ಶನಿಕರು ಶತಮಾನಗಟ್ಟಲೆ ಕಚ್ಚಾಡಿದ್ದಾರೆ. ಅವರ ಉದಾಹರಣೆ ಬಲು ಸರಳ: ನೆಲದ ಮೇಲೆ ಮಡಕೆ ಇಲ್ಲ. ನೆಲವೇನೋ ಕಂಡಿತು, ‘ಮಡಕೆ ಇಲ್ಲ’ ಎಂಬುದು ಯಾವ ಕಣ್ಣಿಗೆ ಕಂಡಿತು? ಅದೂ ಇದೇ ಕಣ್ಣಿಗೇ ಎಂದರು ನೈಯಾಯಿಕರು. 7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಒಪ್ಪಲಿಲ್ಲ. ಇಲ್ಲದ್ದರ ಜೊತೆ ಕಣ್ಣಿಗೆಂಥ ಸಂಪರ್ಕ? ಅದನ್ನು ತಿಳಿಸಿಕೊಡಲು ಬೇರೆಯೇ ಒಂದು ಪ್ರಮಾಣ ಬೇಕು ಎಂದು ಆರನೆಯದನ್ನು ಎತ್ತಿಹಿಡಿದ. ಅದೇ ಅನುಪಲಬ್ಧಿ. ಅದ್ವೈತಿಗಳೂ ಭಾಟ್ಟರ ಆರನ್ನು ಒಪ್ಪಿಕೊಂಡರು. ಪ್ರಾಭಾಕರರು ಮಾತ್ರ, ಕಂಡದ್ದು ಬರಿಯ ನೆಲವಷ್ಟೇ, ಅಭಾವ ಎಂಬ ಬೇರೆ ಪದಾರ್ಥವೇ ಇಲ್ಲ ಎಂದು ಜಗಳಕ್ಕೆ ನಿಂತರು. 13ನೇ ಶತಮಾನದ ಉಡುಪಿಯ ಮಧ್ವಾಚಾರ್ಯರಿಗೆ ಪ್ರತ್ಯಕ್ಷ, ಅನುಮಾನ, ಆಗಮ ಈ ಮೂರೇ ಸಾಕು. ಇಲ್ಲದ್ದರ ಅರಿವು ಇವುಗಳೊಳಗೇ ಅಡಗುತ್ತದೆ.

ಪ್ರಮಾಣಗಳು ಮೂರೋ ಆರೋ, ಲೆಕ್ಕ ಪಂಡಿತರಿಗಿರಲಿ. ಈ ಜಗಳದಿಂದ ಗ್ಯಾರೇಜಿಗೆ ದಕ್ಕುವುದು ಒಂದು ಷರತ್ತು. ಅದರ ಹೆಸರು ಯೋಗ್ಯಾನುಪಲಬ್ಧಿ. ‘ಇದ್ದಿದ್ದರೆ ಕಾಣಲೇಬೇಕಿತ್ತು’ ಎನ್ನುವ ಸ್ಥಿತಿಯಲ್ಲಿ ಕಾಣದೆ ಹೋದರೆ ಮಾತ್ರ ಅದು ‘ಇಲ್ಲ’. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಮೇಸ್ತ್ರಿ ಅರ್ಥಿಂಗ್ ನೋಡಿದ್ದ. ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಂಜಿನ್ನಿಗೂ ಒತ್ತಿದ. ಬೀಪ್ ಎಂದಿತು. ಅರ್ಥಿಂಗ್‌ನಲ್ಲಿ ದೋಷ ಇಲ್ಲ ಎಂದು ಮುಂದೆ ಹೋದ. ಆದರೆ ಆ ಮೀಟರು ಹರಿಸುವುದು ಕೆಲವೇ ಮಿಲಿಆಂಪ್. ಸೆಲ್ಫ್ ಎಳೆಯುವುದು ನೂರಕ್ಕೂ ಹೆಚ್ಚು ಆಂಪ್. ಕೂದಲೆಳೆಯಷ್ಟು ತಂತಿ ಅಂಟಿಕೊಂಡಿದ್ದರೂ ಬೀಪ್ ಬರುತ್ತದೆ. ದೋಷ ಇದ್ದರೂ ಕಾಣಿಸದ ಪರೀಕ್ಷೆ ಅದು, ಕತ್ತಲಲ್ಲಿ ಮಡಕೆ ಹುಡುಕಿದ ಹಾಗೆ. ಮೀಟರನ್ನು ವೋಲ್ಟ್‌ಗೆ ಹಾಕಿ, ಮುಳ್ಳುಗಳನ್ನು ಅಲ್ಲೇ ಇಟ್ಟು, ಹುಡುಗನಿಗೆ ಕೀಲಿ ತಿರುಗಿಸಲು ಹೇಳಬೇಕಿತ್ತು. ಅರ್ಥಿಂಗ್ ಸರಿಯಿದ್ದರೆ ಅರ್ಧ ವೋಲ್ಟಿನೊಳಗೆ ನಿಲ್ಲುತ್ತದೆ. ಹಲವು ವೋಲ್ಟ್ ತೋರಿಸಿದರೆ ಬ್ಯಾಟರಿಯ ಬಲವೆಲ್ಲ ಹಿಂತಿರುಗುವ ದಾರಿಯಲ್ಲೇ ಸೋರುತ್ತಿದೆ ಎಂದರ್ಥ.

ಕೊನೆಗೆ ಗುಟ್ಟು ರಟ್ಟು ಮಾಡಿದ್ದು ಕ್ಲಚ್ ಕೇಬಲ್. ಅದನ್ನು ಮುಟ್ಟಿದ ಹುಡುಗ ಕೈ ಕೊಡವಿಕೊಂಡ, ಅಷ್ಟು ಬಿಸಿ. ಇಂಜಿನ್ನಿನಿಂದ ಬಾಡಿಗೆ ಹೋಗುವ ದಪ್ಪ ಅರ್ಥಿಂಗ್ ಪಟ್ಟಿಯನ್ನು ಹಾಕುವುದೇ ಮರೆತಿದ್ದರು. ದಾರಿ ಸಿಗದ ಕರೆಂಟು ಕ್ಲಚ್ ಕೇಬಲ್ಲಿನ ಮೂಲಕ ನುಸುಳುತ್ತಿತ್ತು. ಇಂಜಿನ್ ಬದಲಿಸಿದಾಗ ಇದು ಸಾಮಾನ್ಯವಾಗಿ ಆಗುವ ಎಡವಟ್ಟು. ಪಟ್ಟಿ ಎಲ್ಲಿತ್ತು? ಮೂಲೆಯಲ್ಲಿ ಕೂತ ಹಳೆಯ ಇಂಜಿನ್ನಿಗೇ ಬೋಲ್ಟ್ ಆಗಿತ್ತು.

ಪಟ್ಟಿ ಹಾಕಿದ ಮೇಲೆ ಸೆಲ್ಫ್ ಜೋರಾಗಿ ಹೊಡೆಯಿತು. ಇಂಜಿನ್ ಮಾತ್ರ ಹಿಡಿಯಲಿಲ್ಲ.

ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ಒರಗಿಸಿ ಸೆಲ್ಫ್ ಹೊಡೆದರು. “ಕರೆಂಟ್ ಬರ್ತಿಲ್ಲ.” ಹೊತ್ತು ನಡುಮಧ್ಯಾಹ್ನ, ಬಾನೆಟ್ ಬಿಸಿಲಿಗೆ ತೆರೆದಿತ್ತು. ಇಲ್ಲಿ ಈಶ್ವರಕೃಷ್ಣನ ಸಾಂಖ್ಯಕಾರಿಕೆ ನೆನಪಾಗಬೇಕು. ಇದ್ದರೂ ಕಾಣದಿರಲು ಎಂಟು ಕಾರಣಗಳನ್ನು ಅದರ ಏಳನೆಯ ಕಾರಿಕೆ ಹೇಳುತ್ತದೆ: ತೀರ ದೂರ, ತೀರ ಹತ್ತಿರ, ಇಂದ್ರಿಯದ ಊನ, ಮನಸ್ಸು ನೆಲೆಯಲ್ಲಿಲ್ಲದಿರುವುದು, ಸೂಕ್ಷ್ಮತೆ, ನಡುವೆ ಅಡ್ಡ, ಪ್ರಬಲವಾದುದರಿಂದ ಮಂಕಾಗುವುದು, ತನ್ನಂಥದ್ದರೊಡನೆ ಬೆರೆತುಹೋಗುವುದು. ಪ್ಲಗ್ಗಿನ ಕಿಡಿ ಬಿಸಿಲಿನಲ್ಲಿ ಕಾಣದಿರುವುದು ಏಳನೆಯ ಕಾರಣ. ಹಗಲಿನಲ್ಲಿ ನಕ್ಷತ್ರ ಕಾಣದ ಹಾಗೆ. ನಾಲ್ಕನೆಯದನ್ನಂತೂ ವಿವರಿಸುವುದೇ ಬೇಡ. “ಆಯ್ತಾ, ಆಯ್ತಾ” ಎಂದು ಗಿರಾಕಿ ಅರ್ಧ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರೆ ಯಾವ ಮೇಸ್ತ್ರಿಯ ಮನಸ್ಸು ನೆಲೆಯಲ್ಲಿದ್ದೀತು?

ಎಂಟನೆಯದಕ್ಕೆ ಅಮೆರಿಕದ ಗ್ಯಾರೇಜುಗಳಲ್ಲಿ ಒಳ್ಳೆಯ ಸಾಕ್ಷಿ ಇದೆ. ಜನರಲ್ ಮೋಟರ್ಸ್‌ನ ಎಲ್‌ಎಸ್ ವಿ8 ಇಂಜಿನ್ನುಗಳನ್ನು ಅಲ್ಲಿನವರು ಸಿಕ್ಕ ಸಿಕ್ಕ ಕಾರಿಗೆಲ್ಲ ಹಾಕುತ್ತಾರೆ. ಕ್ರ್ಯಾಂಕ್ ಎಲ್ಲಿ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವ ಹಲ್ಲಿನ ಚಕ್ರ ಮೊದಲಿನವುಗಳಲ್ಲಿ 24ರ ಲೆಕ್ಕದ್ದು, ಆಮೇಲಿನವುಗಳಲ್ಲಿ 58ರದ್ದು. ಹೊರಗಿನಿಂದ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. 58ರ ಇಂಜಿನ್ನಿಗೆ 24ರ ಕಂಪ್ಯೂಟರ್ ಜೋಡಿಸಿದರೆ ಇಂಜಿನ್ ತಿರುಗುತ್ತಲೇ ಇರುತ್ತದೆ, ಕಿಡಿ ಹುಟ್ಟುವುದಿಲ್ಲ. ಬಲ್ಲವರು ಮೊದಲು ಕ್ರ್ಯಾಂಕ್ ಸೆನ್ಸರಿನ ಬಣ್ಣ ನೋಡುತ್ತಾರೆ: 24ರದ್ದು ಕಪ್ಪು, 58ರದ್ದು ಬೂದು.

ನಮ್ಮ ಮೇಸ್ತ್ರಿ ಟಾರ್ಪಾಲಿನ ನೆರಳು ಮಾಡಿಸಿ ಮತ್ತೆ ನೋಡಿದ. ಈಗಲೂ ಕಿಡಿ ಇಲ್ಲ. ಬೆಳಿಗ್ಗೆಯಿಂದ ಸಿಕ್ಕ ಮೊದಲ ನಿಜವಾದ ‘ಇಲ್ಲ’ ಇದು. ಪ್ಲಗ್ ಸರಿ, ಫ್ಯೂಸ್ ಸರಿ, ಕಾಯಿಲ್ ಸರಿ, ಸೆನ್ಸರ್ ಸರಿ. ಉಳಿದದ್ದು ಇಂಜಿನ್ನಿನ ಕಂಪ್ಯೂಟರ್. “ಇಸಿಎಂ ಹೋಗಿದೆ ಸಾರ್” ಎಂದು ಗಿರಾಕಿಗೆ ಹೇಳಿಬಿಟ್ಟ. ಉಳಿದವನೇ ಕಳ್ಳ ಎನ್ನುವ ಈ ಬಗೆಗೆ ಶಾಸ್ತ್ರದಲ್ಲಿ ಪರಿಶೇಷ ಎಂಬ ಗೌರವದ ಹೆಸರಿದೆ. ಶಂಕಿತರ ಪಟ್ಟಿ ಪೂರ್ತಿಯಾಗಿದ್ದರೆ ಮಾತ್ರ ಅದು ಸಲ್ಲುತ್ತದೆ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದ್ದರೆ ನಿರಪರಾಧಿಗೆ ಶಿಕ್ಷೆ, ಗಿರಾಕಿಗೆ ಬಿಲ್ಲು.

ಯೋಗ್ಯಾನುಪಲಬ್ಧಿಯ ಷರತ್ತು ಒಮ್ಮೆ ದೇವರ ವಿಚಾರಣೆಯಲ್ಲೂ ಸಾಕ್ಷಿ ಹೇಳಿದೆ. ಕಾಣದ್ದರಿಂದ ದೇವರಿಲ್ಲ ಎನ್ನುವುದು ಚಾರ್ವಾಕರ ವಾದ. 10ನೇ ಶತಮಾನದ ಕೊನೆಯ ಹೊತ್ತಿನ ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಇದಕ್ಕೆ ಕೊಟ್ಟ ಉತ್ತರದಲ್ಲಿ ತರ್ಕದಷ್ಟೇ ಕುಚೋದ್ಯವೂ ಇದೆ. ಹಾಗಿದ್ದರೆ ಮನೆಯಿಂದ ಹೊರಗೆ ಹೋದ ಚಾರ್ವಾಕ, ಹೆಂಡತಿ ಮಕ್ಕಳು ಕಾಣಿಸುತ್ತಿಲ್ಲವಾದ್ದರಿಂದ ಅವರಿಲ್ಲವೆಂದೇ ತೀರ್ಮಾನಿಸಿ, ಮನೆಗೆ ಮರಳದೆ ಎದೆ ಬಡಿದುಕೊಂಡು ಅಳಬೇಕಾಗುತ್ತದೆ! ದೇವರು ಕಣ್ಣಿಗೆ ಕಾಣಲು ಯೋಗ್ಯವಾದ ವಸ್ತುವೇ ಅಲ್ಲದ್ದರಿಂದ, ಕಾಣದಿರುವುದು ಅವನಿಲ್ಲ ಎಂಬುದಕ್ಕೆ ಆಧಾರವಾಗದು ಎಂಬುದು ಅವನ ವಾದ.

ಇಷ್ಟರಿಂದ ದೇವರು ಇದ್ದಾನೆಂದು ಆಗಲಿಲ್ಲ. ಉದಯನನಿಗೂ ಅದು ಗೊತ್ತಿತ್ತು; ಅದಕ್ಕೇ ಸಾಧಕ ಯುಕ್ತಿಗಳನ್ನು ಬೇರೆಯಾಗಿ ಮುಂದಿಟ್ಟ. ಅವನ ಭಕ್ತರು ಮರೆಯುವುದೂ ಇದನ್ನೇ. ಯಾವ ಪರೀಕ್ಷೆಗೂ ಸಿಗದ್ದನ್ನು ಯಾರೂ ಅಲ್ಲಗಳೆಯಲಾರರು, ನಿಜ. ಆ ಬಲದ ಮೇಲೆ ಯಾರೂ ಅದನ್ನು ಸ್ಥಾಪಿಸಲೂ ಆಗದು. ನಾಸ್ತಿಕನ ‘ಇಲ್ಲ’ಕ್ಕೆ ಕೇಳುವ ರಸೀದಿಯನ್ನು ಆಸ್ತಿಕನ ‘ಇದೆ’ಗೂ ಕೇಳಬೇಕು. ಇಸಿಎಂ ಹೋಗಿದೆ ಎನ್ನುವ ಮೇಸ್ತ್ರಿಯನ್ನು ನಾವು ಕೇಳುವುದಿಲ್ಲವೇ, ಹೋಗಿದೆ ಅಂತ ಹೇಗೆ ಗೊತ್ತಾಯ್ತಪ್ಪ ಎಂದು?

ಸಂಜೆ ಬಿಸಿಲು ಇಳಿದ ಮೇಲೆ ಹುಡುಗ ಬಾಡಿದ ಸೇವಂತಿಗೆ ಮಾಲೆಯನ್ನು ತೆಗೆದ. ಅದು ಜೋತುಬಿದ್ದಿದ್ದ ಮೀಟರ್ ಗಾಜಿನ ಮೂಲೆಯಲ್ಲಿ ಕೀಲಿಯ ಚಿತ್ರದ ಪುಟ್ಟ ದೀಪ ಮಿನುಗುತ್ತಿತ್ತು. ಗುಜರಿಯವನು ಇಂಜಿನ್ ಜೊತೆಗೆ ಕೊಟ್ಟಿದ್ದ ಇಸಿಎಂ ಕೆಟ್ಟಿರಲಿಲ್ಲ; ಬೇರೆ ಕಾರಿನ ಕೀಲಿಯನ್ನು ಗುರುತಿಸದೆ ಕಿಡಿ ತಡೆದಿತ್ತು. ಕಾರಿನ ಸ್ವಂತ ಇಸಿಎಂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗ್ಲೌಬಾಕ್ಸಿನಲ್ಲಿತ್ತು. ಅದನ್ನು ಹಾಕಿದರು. ಎರಡನೇ ಸೆಲ್ಫಿಗೆ ಇಂಜಿನ್ ಹಿಡಿಯಿತು.