ಚೌಕಟ್ಟಿನೊಳಗಿನ ಸ್ವಂತ

ಆಲಮಟ್ಟಿಯ ನೀರನ್ನು ಕಾಲುವೆಗೆ ಎಂದು ಬಿಡಬೇಕು, ಎಷ್ಟು ದಿನ ಹರಿಸಬೇಕು, ಎಂದು ನಿಲ್ಲಿಸಬೇಕು ಎಂಬುದನ್ನು ನೀರಾವರಿ ಸಲಹಾ ಸಮಿತಿ ಗೊತ್ತುಪಡಿಸುತ್ತದೆ. ಹೊಲ ರೈತನದು, ಬೀಜ ಅವನದು, ಬೆವರಂತೂ ಅವನದೇ. ಆದರೂ ನೀರನ್ನು ಅವನು ಕರೆಯುವಂತಿಲ್ಲ. ಸರದಿ ಬಂದಾಗ ನೀರೇ ಅವನನ್ನು ಕರೆಯುತ್ತದೆ. ಹೀಗೆ ಪರರು ಕಟ್ಟಿದ ವ್ಯವಸ್ಥೆಯೊಳಗೆ ನಿಂತು ‘ಇದು ನನ್ನದು’ ಎನ್ನುವಾಗ ಆ ಮಾತಿಗೆ ಅರ್ಥವೇನು? ಕೃಷ್ಣೆಯ ದಂಡೆಯ ಈ ಪ್ರಶ್ನೆಯನ್ನೇ ಬೆಂಗಳೂರಿನ ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತ ತರುಣನೂ ದಿನವೂ ಎದುರಿಸುತ್ತಾನೆ. ಅವನಿಗೆ ಅದು ನೀತಿಯ ಪ್ರಶ್ನೆಯೆಂದು ತೋರದಿರಬಹುದು, ಅಷ್ಟೆ.

ವೆಬ್‌ಸೈಟನ್ನು ಬುನಾದಿಯಿಂದ ಕಟ್ಟುವವರು ಈಗ ಕಡಿಮೆ. ಬೇರೆಯವರು ಸಿದ್ಧಪಡಿಸಿಟ್ಟ ಚೌಕಟ್ಟೊಂದನ್ನು ತಂದುಕೊಂಡು, ತಮ್ಮ ಭಾಗಗಳನ್ನು ಅದರೊಳಗೆ ಬರೆದು ಸೇರಿಸುವುದು ರೂಢಿ. ಅಂಥ ಭಾಗಕ್ಕೆ ಕ್ಲಾಸ್ ಎಂದು ಹೆಸರು. ಒಂದು ಕೆಲಸಕ್ಕೆ ಬೇಕಾದ ವಿವರಗಳನ್ನೂ ಅದನ್ನು ಮಾಡುವ ಕ್ರಮವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಂತೆ. ಸಹಕಾರಿ ಬ್ಯಾಂಕೊಂದರ ಬಡ್ಡಿಯ ಲೆಕ್ಕ ಹೀಗೊಂದು ಕ್ಲಾಸ್ ಆಗಬಹುದು. ಅದನ್ನು ಬರೆಯುವವನು ನಮ್ಮ ತರುಣ. ಯಾವಾಗ ನಡೆಸಬೇಕೆಂದು ನಿರ್ಧರಿಸುವುದು ಚೌಕಟ್ಟು. ‘ನೀವು ಕರೆಯಬೇಡಿ, ಬೇಕಾದಾಗ ನಾವೇ ಕರೆಯುತ್ತೇವೆ’ ಎಂಬ ಈ ಏರ್ಪಾಡಿಗೆ ಆ ವಿದ್ಯೆಯವರು ಹಾಲಿವುಡ್ ತತ್ತ್ವವೆಂದು ಹೆಸರಿಟ್ಟಿದ್ದಾರೆ. ಆಲಮಟ್ಟಿಯ ಹೆಸರಿಟ್ಟಿದ್ದರೂ ಸಲ್ಲುತ್ತಿತ್ತು.

2006ರಲ್ಲಿ ಹೊರಬಂದ ಕೋಡ್‌ಇಗ್ನೈಟರ್ ಎಂಬ ಚೌಕಟ್ಟನ್ನೇ ನೋಡಿ. ಅದರ ಹಳೆಯ ಆವೃತ್ತಿಗಳಲ್ಲಿ ಎರಡು ಮುಖ್ಯ ಕೋಣೆಗಳು: ‘ಸಿಸ್ಟಮ್’ ಎಂಬುದು ಚೌಕಟ್ಟಿನದು, ‘ಅಪ್ಲಿಕೇಷನ್’ ಎಂಬುದು ನಮ್ಮದು. ಚೌಕಟ್ಟಿನ ಕ್ಲಾಸೊಂದನ್ನು ನಮಗೆ ಬೇಕಾದಂತೆ ವಿಸ್ತರಿಸಬೇಕಾದರೆ ಹೊಸದರ ಹೆಸರಿನ ಮೊದಲಿಗೆ ‘ಮೈ’ ಎಂದು ಸೇರಿಸಬೇಕು. ಇಂಗ್ಲಿಷಿನಲ್ಲಿ ಅದರರ್ಥ ‘ನನ್ನ’. ನಮ್ಮ ಭಾಷೆಯಲ್ಲಿ ಮೈಯೆಂದರೆ ದೇಹ. ಆದರೆ ವಿಸ್ತರಿಸಿದ ಕ್ಲಾಸಿನಲ್ಲಿ ಮೈಯೆಲ್ಲ ಅವರದು, ಮೇಲಿನ ಅಂಗಿ ಮಾತ್ರ ನಮ್ಮದು. ಹೆಸರು ಬರೆದ ಮಾತ್ರಕ್ಕೆ ವಸ್ತು ತನ್ನದಾಗುವುದಿಲ್ಲವೆಂಬುದನ್ನು, ಕಚೇರಿಯ ಕುರ್ಚಿಯ ಹಿಂದೆ ತನ್ನ ಹೆಸರು ಕೆತ್ತಿದ ಗುಮಾಸ್ತನೂ ನಿವೃತ್ತಿಯ ದಿನ ಕಂಡುಕೊಳ್ಳುತ್ತಾನೆ.

ಇಷ್ಟೆಲ್ಲ ಏಕೆಂದು ಬೇಸತ್ತು ಸಿಸ್ಟಮ್ ಕೋಣೆಯ ಬಾಗಿಲನ್ನೇ ತೆರೆದು ಎರಡು ಸಾಲು ತಿದ್ದಿಬಿಡುವವರುಂಟು. ತಡೆಯುವವರಿಲ್ಲ, ಕೆಲಸವೂ ಅಂದೇ ಮುಗಿಯುತ್ತದೆ. ಮುಂದೆ ಚೌಕಟ್ಟಿನ ಹೊಸ ಆವೃತ್ತಿ ಬಂದಾಗ ಆ ಕೋಣೆಯಲ್ಲಿದ್ದುದೆಲ್ಲ ಬದಲಾಗುತ್ತದೆ, ತಿದ್ದಿದ ಸಾಲುಗಳು ಅಳಿಸಿಹೋಗುತ್ತವೆ. ಬಡ್ಡಿಯ ಲೆಕ್ಕ ತಪ್ಪುತ್ತದೆ. ಅಷ್ಟರಲ್ಲಿ ತಿದ್ದಿದವನು ಬೇರೆ ಕಂಪೆನಿ ಸೇರಿರುತ್ತಾನೆ. ರಾತ್ರಿಯೆಲ್ಲ ಕುಳಿತು ಹುಡುಕುವವನು ಅವನ ಮುಖವನ್ನೇ ಕಂಡವನಲ್ಲ.

ಆಲಮಟ್ಟಿಯಿಂದ ಕೆಳಕ್ಕೆ ಹರಿದ ನೀರು ನಾರಾಯಣಪುರದಲ್ಲಿ ನಿಂತು ಎಡದಂಡೆ ಕಾಲುವೆಗೆ ಇಳಿಯುತ್ತದೆ. ಅಲ್ಲಿ ಮಿತವಾಗಿ ನೀರು ಬೇಡುವ ಬೆಳೆಗಳಿಗೆಂದು ಯೋಜಿಸಿದ ನೆಲದಲ್ಲಿ ಮೇಲ್ಭಾಗದವರು ಭತ್ತ ಹಾಕಿದರು. ಕೊನೆಯ ಭಾಗದವರಿಗೆ ನೀರು ಮುಟ್ಟದಾಯಿತು. ಭತ್ತ ಬೆಳೆದವನು ಯಾರ ಹೊಲಕ್ಕೂ ಹೋಗಿ ಅದನ್ನು ಒಣಗಿಸಲಿಲ್ಲ. ಆದರೂ ಹೊಲ ಒಣಗಿತು. ನಷ್ಟಕ್ಕೊಳಗಾಗುವವನು ಕಣ್ಣೆದುರಿಗಿಲ್ಲದ ತಪ್ಪು ತಪ್ಪೆಂದೇ ತೋರುವುದಿಲ್ಲ. ನಮ್ಮ ಹಳೆಯ ನೀತಿಯ ಪಾಠಗಳು ಬಹುಮಟ್ಟಿಗೆ ನೆರೆಮನೆಯವನನ್ನು ಕುರಿತವು. ಕಾಲುವೆಯ ಕೊನೆಯವನನ್ನು ಕುರಿತು ನಾವು ಕಲಿತದ್ದು ಕಡಿಮೆ.

ಹಾಗಾದರೆ ಚೌಕಟ್ಟು ಹೇಳಿದ್ದನ್ನೆಲ್ಲ ಒಪ್ಪಿಕೊಂಡಿರುವುದೇ ಸದಾಚಾರವೆ? ನನಗೆ ಹಾಗೆನ್ನಿಸುವುದಿಲ್ಲ. ಕೋಡ್‌ಇಗ್ನೈಟರಿನ ನಾಲ್ಕನೆಯ ಆವೃತ್ತಿ 2020ರಲ್ಲಿ ಬಂದಿತು. ಹಳೆಯದರ ದುರಸ್ತಿಯಲ್ಲ, ಹೊಸದಾಗಿಯೇ ಬರೆದದ್ದು. ಹಳೆಯ ಕ್ಲಾಸುಗಳು ಅದರಲ್ಲಿ ಹಾಗೆಯೇ ನಡೆಯವು. ಅತ್ಯಂತ ವಿಧೇಯನಾಗಿದ್ದವನಿಗೇ ಇದರಿಂದ ಹೆಚ್ಚಿನ ಪೆಟ್ಟು. ಸಾಲುಸಾಲಿಗೂ ಚೌಕಟ್ಟಿನ ನೆರವು ಬೇಡಿದ ಅವನ ಬಡ್ಡಿಯ ಲೆಕ್ಕ ಹೊಸ ಮನೆಗೆ ಬರಲೊಲ್ಲದು. ಲೆಕ್ಕವನ್ನು ಲೆಕ್ಕವಾಗಿಯೇ ಬೇರೆಯಿಟ್ಟು, ಚೌಕಟ್ಟಿನೊಡನೆ ಮಾತಾಡಲು ಒಂದೆರಡು ಬಾಗಿಲು ಮಾತ್ರ ಬಿಟ್ಟವನು ಬಾಗಿಲುಗಳನ್ನಷ್ಟೇ ಬದಲಿಸಿ ಗಂಟು ಹೊತ್ತು ನಡೆದ.

ಆಲಮಟ್ಟಿಯ ಚೌಕಟ್ಟೂ ಒಂದೇ ಎತ್ತರದಲ್ಲಿ ನಿಲ್ಲುವುದೆಂಬ ಭರವಸೆಯಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿಗೆ ಅನುಮತಿಯಿತ್ತಿತು. 2010ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. ಕಾಗದದ ಮೇಲೆ ಐದು ಮೀಟರಿಗೂ ಕಡಿಮೆ. ದಂಡೆಯಲ್ಲಿ ಮನೆ ಕಟ್ಟಿಕೊಂಡವನಿಗೆ ಅದು ಮನೆಯ ಅಳತೆ. ಇಲ್ಲಿ ನನ್ನ ಹೋಲಿಕೆ ಮುರಿಯುತ್ತದೆ, ಮುರಿಯಲೇಬೇಕು. ಹೊಸ ಆವೃತ್ತಿ ಬೇಡವೆಂದವನು ಹಳೆಯ ಪ್ರತಿಯನ್ನೇ ಇಟ್ಟುಕೊಂಡು ಕೆಲಕಾಲ ದೂಡಬಹುದು. ಹಳೆಯ ಬಾಗಲಕೋಟೆಯಲ್ಲಿ ಓಣಿ ಮುಳುಗಿದವನಿಗೆ ಹಳೆಯ ಪ್ರತಿಯೆಲ್ಲಿ? ಹೊರಟುಹೋಗುವ ದಾರಿಯಿಲ್ಲದವನಿಗೆ ಚೌಕಟ್ಟಿನ ಒಡೆಯರು ಸಲ್ಲಿಸಬೇಕಾದ ಋಣ ಬೇರೆಯೇ ತೂಕದ್ದು.

ನಾರಾಯಣಪುರದ ಹಿನ್ನೀರು ಕೂಡಲಸಂಗಮವನ್ನು ಮುಟ್ಟಿದಾಗ ಬಸವಣ್ಣನವರ ಐಕ್ಯಸ್ಥಳವನ್ನು ಕಿತ್ತು ಬೇರೆಡೆಗೆ ಒಯ್ಯಲಿಲ್ಲ. ಸುತ್ತ ಬಾವಿಯಂತೆ ಗೋಡೆಯೆಬ್ಬಿಸಿ, ಇಳಿದುಹೋಗಲು ಮೆಟ್ಟಿಲಿಟ್ಟರು. ಹೊರಗೆ ನೀರು ಏರಲಿ ಇಳಿಯಲಿ, ಒಳಗೆ ಹಳೆಯ ನೆಲವೇ. ಗೋಡೆ ಕಟ್ಟಿದವರಿಗೆ ಒಳಗೆ ಉಳಿಯಬೇಕಾದುದು ಯಾವುದೆಂದು ಮೊದಲೇ ತಿಳಿದಿತ್ತು. ನಮ್ಮ ತರುಣನಿಗೆ ಅಷ್ಟು ನಿಚ್ಚಳವಾಗಿರುವುದಿಲ್ಲ. ಬಡ್ಡಿಯ ಲೆಕ್ಕ ಒಳಗಿನದು, ಸರಿ. ಆ ಲೆಕ್ಕವನ್ನು ಸಾಲಗಾರನಿಗೆ ತಿಳಿಯುವ ಕನ್ನಡದಲ್ಲಿ ಹೇಳುವ ಸಾಲು ಒಳಗಿನದೋ ಹೊರಗಿನದೋ?