ತನ್ನ ಬಗ್ಗೆ ತಾನೇ ಬರೆಯುವುದು

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತಾ ಬಂದವಳು ನಾನು. ಹಾಗಿರುವಾಗ, ಕೆಲಸಕ್ಕೆ ಅರ್ಜಿ ಹಾಕುವವರು ತಮ್ಮನ್ನು ತಾವೇ ಎರಡು ಪುಟ ಹೊಗಳಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಕಾಡುವುದು ಸಹಜ. ನಮ್ಮ ಕಾಲದಲ್ಲಿ ಅದಕ್ಕೆ ಬಯೋಡೇಟಾ ಎನ್ನುತ್ತಿದ್ದರು. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ವಿದ್ಯಾಭ್ಯಾಸ ಬರೆದರೆ ಮುಗಿಯಿತು. ಈಗಿನದು ರೆಸ್ಯೂಮೆ. ಫ್ರೆಂಚಿನಲ್ಲಿ ಆ ಪದಕ್ಕೆ ಸಾರಾಂಶವೆಂದೇ ಅರ್ಥ. ನೂರಾರು ಅರ್ಜಿಗಳ ನಡುವೆ ನಮ್ಮದು ಎದ್ದು ಕಾಣಬೇಕು. ಎಷ್ಟೋ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಕಂಪ್ಯೂಟರೇ ಅದನ್ನು ಓದಿ, ಬೇಕಾದ ಪದಗಳಿವೆಯೇ ಎಂದು ಜರಡಿ ಹಿಡಿಯುತ್ತದಂತೆ.

ಎದ್ದು ಕಾಣುವ ಈ ಹಂಬಲ ಹೊಸದೇನಲ್ಲ. ಲಿಯೊನಾರ್ಡೊ ಡ ವಿಂಚಿ 1482ರ ಸುಮಾರಿಗೆ ಮಿಲಾನಿನ ಒಡೆಯ ಲುಡೊವಿಕೊ ಸ್ಫೋರ್ಜಾನನ್ನು ಉದ್ದೇಶಿಸಿ ಸಿದ್ಧಪಡಿಸಿದ ಪತ್ರದ ಕರಡು ಇಂದಿಗೂ ಉಳಿದಿದೆ. ಸೇತುವೆ, ಫಿರಂಗಿ, ಮುತ್ತಿಗೆಯ ಸಲಕರಣೆ ಎಂದು ತನ್ನ ವಿದ್ಯೆಗಳನ್ನು ಒಂದೊಂದಾಗಿ ಎಣಿಸುತ್ತಾ ಹೋಗಿ, ಚಿತ್ರ ಬರೆಯಬಲ್ಲೆನೆಂಬುದನ್ನು ಕೊನೆಗೆ ಹೇಳುತ್ತಾನೆ. ಕೇಳುವವನಿಗೆ ಬೇಕಾದ್ದನ್ನು ಮೊದಲು ಹೇಳುವುದು ಜಾಣತನ, ಅದರಲ್ಲಿ ದೋಷವಿಲ್ಲ. ಇಲ್ಲದ್ದನ್ನು ಹೇಳುವುದು ತಪ್ಪೆಂದು ಎಲ್ಲರೂ ಒಪ್ಪುತ್ತೇವೆ. ಇದ್ದದ್ದನ್ನು ಹೇಳದೆ ಬಿಟ್ಟರೆ?

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಈಚೆಗೆ ಈ ಪ್ರಶ್ನೆಯನ್ನೇ ನನ್ನ ಮುಂದೆ ತಂದಿಟ್ಟಳು. ಬಿ.ಕಾಂ. ಮುಗಿಸಿ ಎರಡು ವರ್ಷ ಲೆಕ್ಕ ಬರೆಯುವ ಕೆಲಸದಲ್ಲಿದ್ದವಳು, ಮದುವೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಎಂದು ಹನ್ನೆರಡು ವರ್ಷ ಮನೆಯಲ್ಲೇ ಉಳಿದಳು. ಹಳೆಯ ಕೆಲಸದ ತಾರೀಖನ್ನೇ ಎಳೆದು ಹೊಂದಿಸಿ ಎಂದು ಮೈದುನ ಹೇಳಿಕೊಟ್ಟಿದ್ದ. ‘ಗೃಹ ನಿರ್ವಹಣಾ ಅಧಿಕಾರಿ’ ಎಂದು ಹಾಕಿಕೋ ಎಂದಿದ್ದಳು ಗೆಳತಿ. ಮೊದಲನೆಯದು ಸುಳ್ಳು, ಎರಡನೆಯದು ನಗೆಪಾಟಲು.

“ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದೆಯಲ್ಲ, ಅದೆಲ್ಲಿ?” ಎಂದೆ. ಹದಿನೆಂಟು ಹೆಂಗಸರ ಉಳಿತಾಯ, ಸಾಲ, ಬಡ್ಡಿ, ಬ್ಯಾಂಕಿನ ಕಂತು ಎಲ್ಲವನ್ನೂ ಆರು ವರ್ಷ ಪೈಸೆ ತಪ್ಪದಂತೆ ಬರೆದವಳು ಅವಳು.

“ಅದೇನು ಕೆಲಸವೇ ಟೀಚರ್? ಸಂಬಳ ಇರಲಿಲ್ಲವಲ್ಲ!” ಎಂದಳು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಹಾಗೆ ಮಾಡುವ ಗಂಡಸರು 88 ನಿಮಿಷ. ಸಂಬಳವೇ ಕೆಲಸದ ಅಳತೆಗೋಲಾದರೆ ಇದಷ್ಟೂ ಸೊನ್ನೆ. ನಾವು ವಿನಯವೆಂದು ಕರೆಯುವುದರಲ್ಲಿ ನಿಜವಾದ ವಿನಯ ಎಷ್ಟು ಪಾಲು, ಈ ಸೊನ್ನೆಯನ್ನು ನಾವೇ ನಂಬಿಕೊಂಡಿರುವುದು ಎಷ್ಟು ಪಾಲು? ನೀವೇ ಯೋಚಿಸಿ.

ಜಂಬಕ್ಕೂ ಸಾಕ್ಷಿಗೂ ಇರುವ ಅಂತರವನ್ನು ಅಳೆಯಲು ನನಗೆ ತೋಚಿದ ದಾರಿ ಸರಳ. ಬರೆದ ಸಾಲನ್ನು, ಆ ಕೆಲಸ ಮಾಡುವಾಗ ಜೊತೆಗಿದ್ದವರ ಮುಂದೆ ಗಟ್ಟಿಯಾಗಿ ಓದಿ. ಅವರು ಹೌದೆಂದು ತಲೆಯಾಡಿಸಿದರೆ ಅದು ಸಾಕ್ಷಿ. ಮುಸಿಮುಸಿ ನಕ್ಕರೆ ಜಂಬ. ಅವಳು ತನ್ನ ಹಾಳೆಯನ್ನು ಸಂಘದ ಸಭೆಯಲ್ಲೇ ಓದಿದಳು. ಹನ್ನೆರಡು ವರ್ಷಗಳ ಎದುರು ‘ಕುಟುಂಬದ ಆರೈಕೆ’ ಎಂದಿತ್ತು, ಅದರ ಕೆಳಗೆ ಸಂಘದ ಲೆಕ್ಕ. ಯಾರೂ ನಗಲಿಲ್ಲ. “ಆಡಿಟಿನವರು ಒಂದು ತಪ್ಪೂ ಹಿಡಿಯಲಿಲ್ಲ, ಅದನ್ನೂ ಸೇರಿಸವ್ವ” ಎಂದರು ಹಿರಿಯರೊಬ್ಬರು.

ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ. ಇನ್ನೂ ಇಲ್ಲ. ಎರಡು ಕಡೆಯಿಂದ ಉತ್ತರವಿಲ್ಲ. ಮೂರನೆಯ ಕಡೆ ಸಂದರ್ಶನಕ್ಕೆ ಕರೆದಿದ್ದಾರೆ. ಸಂಘದ ಲೆಕ್ಕದ ಪುಸ್ತಕವನ್ನು ಜೊತೆಗೆ ಒಯ್ಯಲೇ ಎಂದು ಕೇಳಿದಳು. ಒಯ್ಯಿ ಎಂದೆ.