ಇಲ್ಲದ ಸೀಕಿಗೆ ಮದ್ದು

ಸೀಕು ಬಂದ ಮೇಲೆ ಮದ್ದು ಹುಡುಕುವುದು ಲೋಕದ ಕ್ರಮ. ಮದ್ದನ್ನು ಕೈಯಲ್ಲಿ ಹಿಡಿದುಕೊಂಡು ಸೀಕನ್ನು ಹುಡುಕಿಕೊಂಡು ಬರುವವರೂ ಇದ್ದಾರೆ ಎಂದು ನನಗೆ ತಿಳಿದದ್ದು ಕಳೆದ ವರ್ಷ. ಅದರಲ್ಲಿ ನನ್ನ ಪಾಲೂ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ವಾಚನಾಲಯದ ಮಹಿಳಾ ಕೂಟಕ್ಕೆ ಒಂದು ದಿನ ಪೇಟೆಯಿಂದ ಒಬ್ಬಾಕೆ ಬಂದರು. "ಆರೋಗ್ಯದ ಮಾಹಿತಿ ಕೊಡ್ತೇವೆ, ವಾಚನಾಲಯಕ್ಕೆ ಒಂದು ಫ್ಯಾನೂ ಕೊಡ್ತೇವೆ" ಎಂದರು. ನಾನು ಕೂಟದ ಕಾರ್ಯದರ್ಶಿ. ಆಗಲಿ ಎಂದೆ. ಮಾಹಿತಿ ಎಂದರೆ ಇಷ್ಟೇ: ತೊಡೆಯ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿದ್ದರೆ ಅದು ಸೆಲ್ಯುಲೈಟ್ ಎಂಬ ದೋಷ, ಒಳಗೆ ವಿಷ ಸೇರಿದ್ದರ ಗುರುತು, ಈ ಎಣ್ಣೆಯನ್ನು ಮೂರು ತಿಂಗಳು ತಿಕ್ಕಿದರೆ ಹೋಗುತ್ತದೆ. ಬಾಟ್ಲಿಗೆ 1,800 ರೂಪಾಯಿ. ನನಗೆ ಸಂಶಯ ಬಂದದ್ದು ಹೌದು. ಆದರೆ ಫ್ಯಾನು ಕೊಟ್ಟವರ ಎದುರು ಬಾಯಿ ತೆರೆಯಲಿಲ್ಲ.

ಡಿಗ್ರಿ ಓದುವ ನನ್ನ ತಂಗಿಯ ಮಗಳು ಆ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಎರಡು ತಿಂಗಳ ನಂತರ ತಂಗಿ ಫೋನು ಮಾಡಿ, "ಅಕ್ಕಾ, ಇವಳು ಓಟದ ಪ್ರಾಕ್ಟೀಸು ಬಿಟ್ಟಿದ್ದಾಳೆ, ನೀನಾದ್ರೂ ಕೇಳು" ಎಂದಳು. ಕೇಳಿದೆ. ಹುಡುಗಿ ನೆಲ ನೋಡಿದಳು. "ಚಡ್ಡಿ ಹಾಕಿ ಓಡ್ಲಿಕ್ಕೆ ನಾಚಿಕೆ ಆಗ್ತದೆ ದೊಡ್ಡಮ್ಮ. ನಂಗೂ ಅದುಂಟು. ಎಣ್ಣೆ ತಿಕ್ಕಿಯೂ ಹೋಗ್ಲಿಲ್ಲ." ಸ್ಕಾಲರ್‌ಶಿಪ್ಪಿನ ದುಡ್ಡಿನಲ್ಲಿ ಎರಡು ಬಾಟ್ಲಿ ತೆಗೆದುಕೊಂಡಿದ್ದಳು.

ಆಮೇಲೆ ನಾನು ಚರ್ಮದ ಡಾಕ್ಟರರೊಬ್ಬರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ನಮ್ಮ ಹತ್ತಿಯ ಹಾಸಿಗೆ ನೋಡಿ. ಒಳಗೆ ಹತ್ತಿ, ಅಲ್ಲಲ್ಲಿ ಮೇಲಿನಿಂದ ಕೆಳಗೆ ಎಳೆದು ಬಿಗಿದ ದಾರ. ದಾರ ಇದ್ದಲ್ಲಿ ಗುಳಿ, ನಡುವೆ ಉಬ್ಬು. ಹೆಂಗಸರ ಚರ್ಮದ ಅಡಿಯಲ್ಲೂ ಕೊಬ್ಬಿನ ನಡುವೆ ಇಂಥದೇ ನಾರುಗಳು ನೆಟ್ಟಗೆ ನಿಂತಿರುತ್ತವೆ. ಗಂಡಸರಲ್ಲಿ ಅವು ಬಲೆಯ ಹಾಗೆ ಓರೆಯಾಗಿ ಹೆಣೆದುಕೊಂಡಿರುವುದರಿಂದ ಗುಳಿ ಬೀಳುವುದು ಕಡಿಮೆ. ಮೈನೆರೆದ ಹೆಂಗಸರಲ್ಲಿ ನೂರಕ್ಕೆ 80ರಿಂದ 90 ಮಂದಿಗೆ ಇದು ಸ್ವಲ್ಪವಾದರೂ ಇರುತ್ತದೆ. ಹಾರ್ಮೋನು, ಮನೆತನದ ಮೈಕಟ್ಟು, ಪ್ರಾಯವಾದಂತೆ ತೆಳುವಾಗುವ ಚರ್ಮ ಇವೇ ಕಾರಣಗಳು. ತೆಳ್ಳಗಿನವರಿಗೂ ಬರುತ್ತದೆ. ವಿಷವೂ ಇಲ್ಲ, ಸೀಕೂ ಅಲ್ಲ.

ಕಡಿಮೆ ಮಾಡಲಿಕ್ಕೆ ಆಗುವುದಿಲ್ಲವೇ? ಸ್ವಲ್ಪ ಆಗುತ್ತದೆ. ಓಟ, ನಡಿಗೆ, ಬಸ್ಕಿಯಿಂದ ಕಾಲಿನ ಸ್ನಾಯು ಗಟ್ಟಿಯಾದರೆ ಮೇಲಿನ ಚರ್ಮ ಸಪಾಟಾಗಿ ಕಾಣುತ್ತದೆ. ತೂಕ ಹೆಚ್ಚಿದ್ದವರು ನಿಧಾನವಾಗಿ ಇಳಿಸಿದರೆ ಪ್ರಯೋಜನ ಉಂಟು. ಒಮ್ಮೆಲೇ ಇಳಿಸಿದರೆ ಚರ್ಮ ಜೋತು ಗುಳಿ ಹೆಚ್ಚು ಕಾಣುವುದೂ ಉಂಟು. ಉಜ್ಜಿದರೆ, ಕ್ರೀಮು ಹಚ್ಚಿದರೆ ಕೆಲವು ಹೊತ್ತು ನಯವಾಗಿ ಕಂಡೀತು, ಒಳಗಿನ ನಾರು ಹಾಗೆಯೇ ಇರುತ್ತದೆ. ಆ ನಾರನ್ನು ಸೂಜಿಯಿಂದ ಕತ್ತರಿಸುವ ಡಾಕ್ಟರರಿದ್ದಾರೆ. ಅದಕ್ಕೆ ಖರ್ಚೂ ಉಂಟು, ಚರ್ಮ ಕಂದುಗಟ್ಟುವುದೂ ಉಂಟು. ನಾರು ಕರಗಿಸುವ ಒಂದು ಇಂಜೆಕ್ಷನ್ನಿಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಚರ್ಮದಲ್ಲಿ ಕಲೆ ಉಳಿಯುತ್ತದೆಂದು 2022ರ ಕೊನೆಗೆ ಕಂಪೆನಿಯೇ ಅದನ್ನು ನಿಲ್ಲಿಸಿತು. ಒಂದು ಎಚ್ಚರಿಕೆ: ಕಾಲು ಕೆಂಪಾಗಿ, ಬಿಸಿಯಾಗಿ, ಬಾತು, ನೋವು ಜ್ವರ ಬಂದರೆ ಅದು ಸೆಲ್ಯುಲೈಟಿಸ್ ಎಂಬ ಬೇರೆಯೇ ಸೋಂಕು. ಹೆಸರು ಮಾತ್ರ ಹತ್ತಿರ. ಅದಕ್ಕೆ ಕೂಡಲೇ ಡಾಕ್ಟರರ ಹತ್ತಿರ ಹೋಗಬೇಕು.

ಈ ಸೆಲ್ಯುಲೈಟ್ ಎಂಬ ಶಬ್ದ ಫ್ರಾನ್ಸಿನದು. ಅಮೆರಿಕದ ಹೆಂಗಸರಿಗೆ ಅದು ಪರಿಚಯವಾದದ್ದು 1968ರಲ್ಲಿ 'ವೋಗ್' ಎಂಬ ಫ್ಯಾಷನ್ ಪತ್ರಿಕೆಯಿಂದ. ಅದಕ್ಕಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದೆ ರೂಬೆನ್ಸ್ ಎಂಬ ಚಿತ್ರಕಾರ ಇಂಥದೇ ಗುಳಿಗಳಿದ್ದ ಮೈಯನ್ನು ಸೌಂದರ್ಯದ ದೇವತೆಯರ ಮೈಯೆಂದೇ ಬರೆದಿದ್ದ. ಮೈ ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು.

ಈಗ ನನ್ನ ಪ್ರಶ್ನೆ. ಚಂದ ಕಾಣಬೇಕೆಂಬ ಆಸೆ ತಪ್ಪೇ? ತಪ್ಪಲ್ಲ. ನಾನೂ ತಲೆಗೆ ಬಣ್ಣ ಹಾಕುತ್ತೇನೆ, ಮದುವೆಗೆ ಹೋಗುವಾಗ ಮಲ್ಲಿಗೆ ಮುಡಿಯುತ್ತೇನೆ. ಹಾಗಾದರೆ ಎಣ್ಣೆ ಮಾರಿದವರದ್ದು ಏನು ತಪ್ಪು? ಬಹಳ ಯೋಚಿಸಿದೆ. ಮಲ್ಲಿಗೆ ಮಾರುವವಳು "ಹೂವಿಲ್ಲದ ನಿನ್ನ ತಲೆಯಲ್ಲಿ ದೋಷ ಉಂಟು" ಎನ್ನುವುದಿಲ್ಲ. ಇದ್ದ ಸಂತೋಷಕ್ಕೆ ಇನ್ನಷ್ಟು ಸೇರಿಸುತ್ತಾಳೆ. ಇವರು ಮೊದಲು ನಮ್ಮ ನೆಮ್ಮದಿ ಕಸಿದುಕೊಂಡು, ಅದನ್ನೇ ಬಾಟ್ಲಿಯಲ್ಲಿ ತುಂಬಿಸಿ ನಮಗೇ ಮಾರಿದರು. ಎಣ್ಣೆಗಿಂತ ದೊಡ್ಡ ಸುಳ್ಳು ಇದ್ದದ್ದು ದೋಷ ಎಂಬ ಆ ಶಬ್ದದಲ್ಲಿ. ಇನ್ನೊಂದು ನೋಡಿ: ಆ ಹುಡುಗಿಗೆ ನಿಜವಾಗಿ ಉಪಕಾರ ಮಾಡುತ್ತಿದ್ದದ್ದು ಓಟ. ನಾಚಿಕೆ ಅವಳಿಂದ ಬಿಡಿಸಿದ್ದು ಅದನ್ನೇ.

ಮಾರುವವರಿಗೆ ಹೊಟ್ಟೆಪಾಡು ಎಂಬ ನೆಪವಾದರೂ ಉಂಟು. ನನಗೆ ಏನಿತ್ತು? ಮೂವತ್ತೊಂದು ವರ್ಷ ಮಕ್ಕಳಿಗೆ "ಗೊತ್ತಿಲ್ಲದ್ದನ್ನು ಕೇಳಿ" ಎಂದು ಪಾಠ ಹೇಳಿದವಳು ನಾನು. ನಾನೇ ಕೇಳಲಿಲ್ಲ. ತಿಳಿದವರು ಸುಮ್ಮನೆ ಕೂತರೆ ತಿಳಿಯದವರು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಟೀಚರೇ ಕೂತು ಕೇಳುವಾಗ ಸುಳ್ಳು ಹೇಗಾದೀತು ಎಂದು ನಂಬಿ ಏಳು ಮಂದಿ ದುಡ್ಡು ಕೊಟ್ಟಿದ್ದರು.

ಮುಂದಿನ ತಿಂಗಳ ಕೂಟದಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಕೆಲವರಿಗೆ ಸಿಟ್ಟು ಬಂತು. ಒಬ್ಬರು ಹಿರಿಯರು ನಕ್ಕು, "ಗದ್ದೆಯಲ್ಲಿ ಸೀರೆ ಎತ್ತಿಕಟ್ಟಿ ನೇಜಿ ನೆಡುವಾಗ ಇದನ್ನೆಲ್ಲ ಯಾರು ನೋಡಿದ್ದು ಟೀಚರೇ?" ಎಂದರು. ಫ್ಯಾನು ವಾಪಾಸು ಕೊಡುವ ಎಂದೆ. ಸಮಿತಿಯವರು ಒಪ್ಪಲಿಲ್ಲ. ಅದರ ಬೆಲೆಯನ್ನು ನಾನು ಪುಸ್ತಕ ನಿಧಿಗೆ ಹಾಕಿದೆ. ಅಷ್ಟಕ್ಕೆ ಪಾಪ ಹೋಯಿತೆಂದು ಹೇಳಲಾರೆ.

ತಂಗಿಯ ಮಗಳು ಈಗ ಪುನಃ ಓಡುತ್ತಿದ್ದಾಳೆ, ಉದ್ದ ಪ್ಯಾಂಟು ಹಾಕಿಕೊಂಡು. ನಾಚಿಕೆ ಪೂರ್ತಿ ಹೋಗಲಿಲ್ಲ. ಅದನ್ನು ಹುಟ್ಟಿಸಲು ಒಂದು ಗಂಟೆ ಸಾಕಾಗಿತ್ತು, ಕಳೆಯಲು ಎಷ್ಟು ಕಾಲ ಬೇಕೋ! ಮನೆಯಲ್ಲಿ, ಶಾಲೆಯಲ್ಲಿ ಮಕ್ಕಳ ಮೈ ನೋಡಿ ತಮಾಷೆಗೆ ಒಂದು ಮಾತು ಆಡುವ ಮೊದಲು ನಾವೆಲ್ಲರೂ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.